ಶಲವಡಿಯ ಅಂದಾನೆಪ್ಪ ಸಮುದ್ರ ಕಾದದ್ದು

ಶಲವಡಿಯ ಎರೆಹೊಲದಲ್ಲಿ ನಿಂತರೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಗುಡ್ಡವಿಲ್ಲ, ಕಾಡಿಲ್ಲ. ಕಡಲೆ, ಕುಸುಬಿ, ಬಿಳಿಜೋಳ, ಅದರಾಚೆ ಮತ್ತೆ ಕಡಲೆ, ಆಮೇಲೆ ಆಕಾಶ. ಅಂಥ ಊರಿನಲ್ಲಿ ಹುಟ್ಟಿದ ಅಂದಾನೆಪ್ಪ ಇಪ್ಪತ್ತು ದಾಟುವವರೆಗೆ ಕಂಡ ದೊಡ್ಡ ನೀರೆಂದರೆ ಊರ ಕೆರೆ, ಅದು ಬಿಟ್ಟರೆ ಮಲಪ್ರಭೆಯ ಕಾಲುವೆ. ಹತ್ತನೆಯ ತರಗತಿ ಪಾಸಾದರೂ ಹತ್ತಿರದಲ್ಲಿ ಕೆಲಸ ಸಿಗಲಿಲ್ಲ. ತಂದೆ ಇರಲಿಲ್ಲ, ತಾಯಿ ದುರಗವ್ವ ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಎಂಬತ್ತೊಂದರ ಸುಗ್ಗಿ ಮುಗಿದ ಮೇಲೆ ಊರಿನ ನಾಲ್ಕಾರು ಮಂದಿ ಗೋವೆಯ ಬಂದರಿಗೆ ಕೂಲಿಗೆ ಹೊರಟಾಗ ಅವನೂ ಒಂದು ಚಾದರ ಸುತ್ತಿಕೊಂಡು ಅವರ ಜೊತೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿದ.

ಮರುದಿನ ಮುಂಜಾನೆ ಸಮುದ್ರ ಕಂಡಿತು. ಜೊತೆಯವರು ಚಹಾ ಕುಡಿಯಲು ಹೋದರೂ ಅಂದಾನೆಪ್ಪ ನೀರಿನಂಚಿನ ಕಟ್ಟೆಯ ಮೇಲೆ ನಿಂತೇ ಇದ್ದ. ಬಂದರಿನ ಕಚೇರಿಯಲ್ಲಿ ಕಾರಕೂನರಾಗಿದ್ದ ಅಣ್ಣಿಗೇರಿಯ ಬಾಳಕೃಷ್ಣ ಎಂಬವರು ಸೈಕಲ್ ಹಿಡಿದು ಆ ದಾರಿಯಲ್ಲಿ ಬಂದರು. ಇವನು ತನ್ನಷ್ಟಕ್ಕೆ ತಾನೇ ಏನೋ ಅಂದುಕೊಳ್ಳುತ್ತಿದ್ದುದು ಕಿವಿಗೆ ಬಿದ್ದು, ತಮ್ಮ ಕಡೆಯ ಮಾತು ಎಂದು ನಿಂತರು.

"ಯಾವೂರಪಾ ನಿಂದು?"

"ಶಲವಡಿರಿ. ಸಾಹೇಬ್ರ, ಇದರ ಆಚಿ ದಂಡಿ ಎಲ್ಲೈತ್ರಿ?"

"ಅರಬಸ್ತಾನದಾಗ," ಎಂದು ನಕ್ಕರು ಬಾಳಕೃಷ್ಣ. ಅವನು ನಗಲಿಲ್ಲ. ಅವನ ಮುಖ ನೋಡಿ ಅವರೂ ನಗು ನಿಲ್ಲಿಸಿದರು.

ಒಂದು ವರ್ಷ ಅವನು ಅದಿರಿನ ಕೆಂಪು ಧೂಳಿನಲ್ಲಿ ದುಡಿದ. ಸಂಜೆ ಕೆಲಸ ಮುಗಿದ ಮೇಲೆ ಮೈ ತೊಳೆದುಕೊಂಡು ಅದೇ ಕಟ್ಟೆಗೆ ಬಂದು ಕೂರುತ್ತಿದ್ದ. ನೀರೂ ಆಕಾಶವೂ ಕೂಡುವ ಅಂಚಿನಲ್ಲಿ ಹೊಗೆಯೊಂದು ಏಳುವುದು, ಅದರ ಕೆಳಗೆ ಕಂಬ ಕಾಣುವುದು, ಕಂಬದ ಕೆಳಗೆ ಮೆಲ್ಲಗೆ ಹಡಗು ಹುಟ್ಟಿ ಬರುವುದು. ಇದನ್ನು ನೋಡಿ ಅವನಿಗೆ ಸಾಕಾಗುತ್ತಲೇ ಇರಲಿಲ್ಲ. ಅದನ್ನು ಕಂಡ ಬಾಳಕೃಷ್ಣ ಒಂದು ದಿನ ಗದರಿಸಿದರು: "ಹತ್ತನೆತ್ತಾ ಪಾಸಾಗಿ, ಇನ್ನೂ ಎಷ್ಟ ದಿನಾ ಬುಟ್ಟಿ ಹೊರಾಂವ? ಹಡಗದ ಕೆಲಸಕ್ಕ ಹುಡುಗರನ್ನ ತಯಾರ ಮಾಡೋ ತರಬೇತಿ ಮುಂಬೈದಾಗ ಅದ. ಅರ್ಜಿ ನಾ ಬರದ ಕೊಡ್ತೀನಿ, ಸಹಿ ಹಾಕು."

ಮುಂಬೈಯ ತರಬೇತಿಯಲ್ಲಿ ಹಗ್ಗದ ಗಂಟು, ಬಣ್ಣ, ಈಜು, ದೋಣಿ ಇಳಿಸುವುದು ಎಲ್ಲವನ್ನೂ ಕಲಿಸಿದರು. ಅದು ಮುಗಿದ ಮೇಲೆ 'ತಾರಾಮತಿ' ಎಂಬ ಸರಕಿನ ಹಡಗಿನಲ್ಲಿ ಕೆಲಸ ಸಿಕ್ಕಿತು. ಹತ್ತಿದ ಮೊದಲ ದಿನವೇ ಹಗ್ಗದ ರಾಶಿಯ ಆಚೆಯಿಂದ ಒಂದು ಗಡಸು ದನಿ ಕೂಗಿತು: "ಏ ತಮ್ಮಾ, ಆ ಹಗ್ಗದಾಗ ಕಾಲ ಇಡಬ್ಯಾಡಲೇ, ಕಾಲ ಇರೂದಿಲ್ಲ!"

ಅಂದಾನೆಪ್ಪ ದಿಗ್ಭ್ರಮೆಯಿಂದ ತಿರುಗಿದ. ಕೂಗಿದವನು ನಿಜಾಮಸಾಬ, ಹುಬ್ಬಳ್ಳಿಯ ರೈಲ್ವೆ ಕೆಲಸಗಾರನ ಮಗ. ಹದಿಹರೆಯದಲ್ಲಿ ಮನೆ ಬಿಟ್ಟು ಸಮುದ್ರ ಸೇರಿದವನು ಈಗ ಹಡಗಿನ ಸಾರಂಗನಾಗಿದ್ದ, ಅಂದರೆ ಡೆಕ್ಕಿನ ಆಳುಗಳಿಗೆಲ್ಲ ಮುಖ್ಯಸ್ಥ. ನೀರಿನ ನಡುವೆ ತನ್ನೂರ ಕಡೆಯ ಮಾತು ಕೇಳಿ ಅಂದಾನೆಪ್ಪನ ಕಣ್ಣು ತುಂಬಿದವು. ಅವನನ್ನು ಲುಕೌಟ್ ಕೆಲಸಕ್ಕೆ ಹಾಕಿದ್ದೂ ಕಲಿಸಿದ್ದೂ ಈ ನಿಜಾಮಸಾಬನೇ. ಹಡಗು ನಡೆಸುವ ಎತ್ತರದ ಕೋಣೆಗೆ ಬ್ರಿಜ್ ಎನ್ನುತ್ತಾರೆ. ಅದರ ಎರಡೂ ಬದಿಗೆ ಬಯಲಿಗೆ ಚಾಚಿದ, ಕಟಾಂಜನ ಹಾಕಿದ ಜಗಲಿಯಿದೆ. ಅಲ್ಲಿ ನಿಂತು ಸಮುದ್ರವನ್ನು ಕಾಯುವುದೇ ಲುಕೌಟ್.

"ಕಾಯೂದಂದ್ರ ಏನ ಮಾಡ್ತಿ?" ಎಂದು ಮೊದಲ ದಿನ ಸಾರಂಗ ಕೇಳಿದ.

"ನೋಡ್ತೀನ್ರಿ."

"ಎಲ್ಲೆ?"

ಅಂದಾನೆಪ್ಪ ಎದುರಿಗೆ ಕೈ ತೋರಿಸಿದ.

"ಅಷ್ಟ ದೊಡ್ಡದನ್ನ ಒಮ್ಮೆಲೆ ನೋಡಿದ್ರ ಏನೂ ಕಾಣೂದಿಲ್ಲ. ಬಲಕಿನಿಂದ ಎಡಕ್ಕ ತುಣುಕು ತುಣುಕು ಮಾಡಿ ನೋಡು. ಒಂದ ತುಣುಕಿನ ಮ್ಯಾಲೆ ಕಣ್ಣ ನಿಲ್ಲಿಸು, ಆಮ್ಯಾಲೆ ಮುಂದಿಂದು. ಓಡೂ ಕಣ್ಣು ಕುರುಡು, ತಿಳೀತೇನು? ಅಂಚಿನ್ನ ನೋಡು, ಅಂಚಿನ ಕೆಳಗ ನೋಡು, ಹಡಗದ ಬುಡಕ್ಕೂ ನೋಡು. ಹಿಂದಕ್ಕೂ ಒಮ್ಮೆ ತಿರುಗು. ಹಿಂದಿನಿಂದ ಬರೂ ಹಡಗೂ ಹಡಗ."

ಹೀಗೆ ಶುರುವಾಯಿತು. ಕತ್ತಲಾದ ಮೇಲೆ ಬೆಂಕಿಕಡ್ಡಿಯ ಬೆಳಕನ್ನೂ ನೋಡಬಾರದು, ಒಮ್ಮೆ ಕೆಟ್ಟ ಕಣ್ಣು ಮತ್ತೆ ಕತ್ತಲಿಗೆ ಒಗ್ಗಲು ಬಹಳ ಹೊತ್ತು ಬೇಕು. ಮಸುಕಾದ ದೀಪವನ್ನು ನೆಟ್ಟಗೆ ನೋಡಿದರೆ ಮಾಯವಾಗುತ್ತದೆ, ತುಸು ಬಾಜೂಕೆ ನೋಡಿದರೆ ಕಾಣುತ್ತದೆ. ಮಂಜು ಕವಿದರೆ ಕಿವಿಯೇ ಕಣ್ಣು. ಕೂರುವಂತಿಲ್ಲ, ಬೀಡಿ ಸೇದುವಂತಿಲ್ಲ. ಬದಲಿ ಆಳು ಬಂದು, ಅವನ ಕಣ್ಣು ಹೊಂದಿಕೊಂಡು, ಏನೇನು ಕಾಣುತ್ತಿದೆ ಎಂದು ಅವನಿಗೆ ಒಪ್ಪಿಸುವವರೆಗೆ ಜಾಗ ಬಿಡುವಂತಿಲ್ಲ. ಕಂಡದ್ದನ್ನು ಕೂಡಲೇ ಹೇಳಬೇಕು, ಒಳಗಿರುವ ಅಧಿಕಾರಿ ಕೇಳಿಸಿತೆಂದು ಮಾರ್ನುಡಿಯುವವರೆಗೂ ಹೇಳಬೇಕು.

ಒಂದು ಮುಂಜಾವು, ಇನ್ನೂ ಬೆಳಕು ಹರಿಯುವ ಮೊದಲು, ಅಂಚಿನಲ್ಲಿ ದೀಪವೊಂದು ಥಟ್ಟನೆ ಹೊಳೆಯಿತು. "ಎಡಕ್ಕ ಹಡಗ ಸಾಬ್!" ಎಂದು ಅಂದಾನೆಪ್ಪ ಕೂಗಿದ. ಎರಡನೆಯ ಮೇಟ್, ಅಂದರೆ ಆ ಹೊತ್ತಿಗೆ ಹಡಗನ್ನು ನಡೆಸುತ್ತಿದ್ದ ಅಧಿಕಾರಿ, ದುರ್ಬೀನು ಹಿಡಿದು ನೋಡಿದರು. ದೀಪ ಮೇಲಕ್ಕೆ ಏರುತ್ತ ಹೋಯಿತು. ಅದು ಶುಕ್ರ. ಅಂದಾನೆಪ್ಪನಿಗೆ ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡಬೇಕು ಅನ್ನಿಸಿತು. ಅಧಿಕಾರಿ ಮಾತ್ರ, ಸರಿ, ಮುಂದೆಯೂ ಹೀಗೇ ಹೇಳು ಎಂದು ಹಿಂದಿಯಲ್ಲಿ ಅಂದು ಒಳಗೆ ಹೋದರು. ಮುಂಜಾನೆ ಚಹಾ ಕುಡಿಯುತ್ತ ಸಾರಂಗ ಅಂದ: "ಚುಕ್ಕಿಗೆ ಹಡಗ ಅಂದ್ರ ಯಾರೂ ಸಾಯೂದಿಲ್ಲಪಾ. ಹಡಗಕ್ಕ ಚುಕ್ಕಿ ಅಂದ್ರ ಎಲ್ಲಾರೂ ಸಾಯ್ತಾರ. ನೀ ಒದರಕೋತ ಇರು."

ಹೀಗೆ ನೋಡುತ್ತ ನೋಡುತ್ತ ಅವನಿಗೆ ಸಮುದ್ರ ಬೇರೆಯಾಯಿತು. ಒಂದೇ ನೀಲಿ ಎಂದುಕೊಂಡಿದ್ದ ನೀರಿನಲ್ಲಿ ಗಾಳಿ ಬರುವ ದಾರಿ ಕಂಡಿತು, ಮೀನುಗಳ ಹಿಂಡು ತಿರುಗಿದಾಗ ಏಳುವ ನಡುಕ ಕಂಡಿತು. ಕೆಲವು ಸಲ ತಿಮಿಂಗಿಲವೊಂದು ಉಸಿರು ಬಿಟ್ಟು, ಹೊಲದ ಬದುವಿನಷ್ಟು ಉದ್ದದ ಬೆನ್ನನ್ನು ತೋರಿಸಿ ಮುಳುಗುತ್ತಿತ್ತು. ಆಗ ಅವನು ವರದಿ ಒಪ್ಪಿಸಿ, ಯಾರಿಗೂ ಕಾಣದ ಹಾಗೆ ಒಂದು ಗಳಿಗೆ ಕೈ ಮುಗಿಯುತ್ತಿದ್ದ.

ರಜೆಗೆ ಊರಿಗೆ ಬಂದಾಗ ಚಹಾದಂಗಡಿಯಲ್ಲಿ ಮಂದಿ ಕೂಡುತ್ತಿದ್ದರು. ಬರೀ ನೋಡುವುದಕ್ಕೆ ಪಗಾರ ಕೊಡುತ್ತಾರೆಂದು ಯಾರೂ ನಂಬಲಿಲ್ಲ. "ನಮ್ಮ ಓಣ್ಯಾಗ ಕಟ್ಟಿಮ್ಯಾಲೆ ಕುಂತ ನೋಡಾವ್ರು ಭಾಳ ಅದಾರ, ಅವರನ್ನೂ ಕರಕೊಂಡ ಹೋಗು," ಎಂದು ಹನಮಪ್ಪನೆಂಬ ಗೆಳೆಯ ಹಾಸ್ಯ ಮಾಡಿದ. ಅಂದಾನೆಪ್ಪನೂ ನಕ್ಕ. ತಾನು ಕಂಡದ್ದನ್ನು ಹೇಗೆ ಹೇಳಬೇಕೋ ಅವನಿಗೆ ತಿಳಿಯಲಿಲ್ಲ.

ಎಂಬತ್ತೈದರ ಜೂನಿನಲ್ಲಿ ತಾರಾಮತಿ ರಸಗೊಬ್ಬರ ತುಂಬಿಕೊಂಡು ಅರಬ್ಬಿ ಸಮುದ್ರ ದಾಟಿ ಮಂಗಳೂರಿನ ಕಡೆಗೆ ಬರುತ್ತಿತ್ತು. ಮುಂಗಾರು ಆಗತಾನೆ ಎದ್ದಿತ್ತು. ತೆರೆಗಳು ಹೊಡೆಯುತ್ತಿರಲಿಲ್ಲ, ದೊಡ್ಡ ಉಸಿರು ಎಳೆದು ಬಿಟ್ಟ ಹಾಗೆ ಏರಿ ಇಳಿಯುತ್ತಿದ್ದವು. ಸರಕಿನ ಮೇಲಿನ ತಾಡಪಾಲು ಒಂದು ಕಡೆ ಬಿಚ್ಚಿಕೊಂಡಿದ್ದರಿಂದ ಅದನ್ನು ಬಿಗಿಯಲು ಮಧ್ಯಾಹ್ನ ಮೂವರು ಡೆಕ್ಕಿಗೆ ಇಳಿದರು. ಅವರಲ್ಲಿ ಹೊನ್ನಾವರದ ಇಮಾಮುದ್ದೀನನೂ ಒಬ್ಬ. ಅಂದಾನೆಪ್ಪನಷ್ಟೇ ವಯಸ್ಸಿನವನು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಬಲಗಡೆಯಿಂದ ಒಂದು ತೆರೆ ಉಳಿದವುಗಳಿಗಿಂತ ಎತ್ತರಕ್ಕೆ ಎದ್ದು ಡೆಕ್ಕಿನ ಮೇಲೆ ನಡೆದು ಹೋಯಿತು. ಹಡಗು ಬಲಕ್ಕೆ ವಾಲಿ ನೀರು ಬಂದ ಕಡೆಗೇ ಇಳಿದಾಗ ಇಬ್ಬರು ಸರಪಳಿ ಹಿಡಿದು ಬಿದ್ದಿದ್ದರು. ಮೂರನೆಯವನು ಇರಲಿಲ್ಲ. ಬಲಗಡೆಯ ಕಟಾಂಜನದಲ್ಲಿ ನಿಂತಿದ್ದ ಅಂದಾನೆಪ್ಪನಿಗೆ ಕೆಳಗೆ ನೊರೆಯಲ್ಲಿ ಒಂದು ಕಪ್ಪು ತಲೆ ಕಂಡಿತು.

"ಮನಶ್ಯಾ ನೀರಾಗ ಬಿದ್ದಾನ! ಬಲಕ್ಕ! ಬಲಕ್ಕ ಸಾಬ್!"

ಆ ಹೊತ್ತಿನಲ್ಲಿ ಕಲಿತ ಹಿಂದಿ, ಇಂಗ್ಲಿಷು ಯಾವುದೂ ಬಾಯಿಗೆ ಬರಲಿಲ್ಲ. ಆದರೂ ಎಲ್ಲರಿಗೂ ತಿಳಿಯಿತು. ಕೂಗುತ್ತಿದ್ದಂತೆಯೇ ಅವನ ಬಲಗೈ ತಾನಾಗಿ ಎದ್ದು ಆ ತಲೆಯ ಕಡೆ ಚಾಚಿತು. ತರಬೇತಿಯಲ್ಲಿ ಕಲಿಸಿದ ಒಂದು ಪಾಠವಿತ್ತು. ಮನುಷ್ಯ ನೀರಿಗೆ ಬಿದ್ದರೆ ಕಂಡವನಿಗೆ ಬೇರೆ ಯಾವ ಕೆಲಸವೂ ಇಲ್ಲ. ಅವನು ಓಡಬಾರದು, ಹಗ್ಗ ಎಸೆಯಬಾರದು, ಯಾರಾದರೂ ಕರೆದರೆ ತಿರುಗಬಾರದು. ಕೈ ಚಾಚಿ ತೋರಿಸುತ್ತ ನೋಡುತ್ತಲೇ ಇರಬೇಕು. ಒಮ್ಮೆ ಕಣ್ಣು ಕಿತ್ತರೆ ಆ ತಲೆ ಮತ್ತೆ ಸಿಗುವುದಿಲ್ಲ.

ಎರಡನೆಯ ಮೇಟ್ ಕೂಡಲೇ ಚುಕ್ಕಾಣಿ ಬಲಕ್ಕೆ ತಿರುಗಿಸಲು ಹೇಳಿದರು, ಹಡಗಿನ ಹಿಂಬದಿ ಬಿದ್ದವನಿಂದ ದೂರ ಸರಿಯಲೆಂದು. ಬಿದ್ದವನಿಗೆ ಆಸರೆಯಾಗಲೆಂದು ಕಿತ್ತಳೆ ಬಣ್ಣದ ಹೊಗೆ ಉಗುಳುವ ತೇಲುಬಳೆ ನೀರಿಗೆ ಬಿತ್ತು. ಗಂಟೆ ಮೊಳಗಿತು. ಅಂದಾನೆಪ್ಪನಿಗೆ ಇವೆಲ್ಲ ಎಲ್ಲೋ ಬೇರೆ ಮನೆಯಲ್ಲಿ ನಡೆಯುತ್ತಿರುವ ಹಾಗೆ ಕೇಳಿಸಿದವು. ಅಷ್ಟು ದೊಡ್ಡ ಹಡಗು ಎತ್ತಿನ ಬಂಡಿಯ ಹಾಗೆ ನಿಂತಲ್ಲೇ ತಿರುಗುವುದಿಲ್ಲ. ಅದು ಮುಂದೆ ಹೋಗುತ್ತ ಹೋಗುತ್ತಲೇ ಸುತ್ತು ಹಾಕಿ, ತಾನು ಬಂದ ದಾರಿಗೇ ಮರಳಬೇಕು. ಅಷ್ಟರಲ್ಲಿ ತಲೆ ಸಣ್ಣದಾಗುತ್ತ ಹೋಯಿತು. ತೆಂಗಿನಕಾಯಿಯಷ್ಟಿದ್ದದ್ದು ಅಡಿಕೆಯಷ್ಟಾಯಿತು, ಕಡಲೆಕಾಳಿನಷ್ಟಾಯಿತು. ತೆರೆ ಏರಿದಾಗ ಕಾಣುವುದು, ಇಳಿದಾಗ ಮಾಯವಾಗುವುದು. ಮಾಯವಾದಾಗ ಅವನು ಬೆರಳನ್ನು ಅಲ್ಲಿಯೇ ಇಟ್ಟು ಉಸಿರು ಹಿಡಿದು ಕಾಯುತ್ತಿದ್ದ.

ಹಡಗು ತಿರುಗುತ್ತಿದ್ದಂತೆ ತಲೆ ಇದ್ದ ದಿಕ್ಕು ಹಿಂದಕ್ಕೆ ಸರಿಯಿತು. ಇನ್ನು ಸ್ವಲ್ಪದರಲ್ಲಿ ಹೊಗೆಕೊಳವೆ ಅಡ್ಡ ಬರುವುದಿತ್ತು. ಆಗ ಹಿಂದಿನಿಂದ ಎರಡು ಗಟ್ಟಿ ಕೈಗಳು ಅವನ ಸೊಂಟವನ್ನು ಹಿಡಿದವು.

"ನಾ ಅದೀನಿ. ನೀ ಕೆಳಗ ನೋಡಬ್ಯಾಡ," ಎಂದ ನಿಜಾಮಸಾಬ. "ಎಡಕ್ಕ ಸರಿ. ಇನ್ನೊಂದ ಸ್ವಲ್ಪ. ಇಲ್ಲೆ ಹೊಸ್ತಿಲೈತಿ, ಕಾಲ ಎತ್ತು. ಹಾಂ. ಇಳಿಸು."

ಕುರುಡನನ್ನು ನಡೆಸುವ ಹಾಗೆ ಸಾರಂಗ ಅವನನ್ನು ಕಟಾಂಜನದ ತುದಿಗೆ ನಡೆಸಿದ, ಹಡಗು ಇನ್ನೊಂದು ಮಗ್ಗುಲಿಗೆ ಹೊರಳಿದಾಗ ಬ್ರಿಜ್ಜಿನೊಳಗಿನಿಂದ ಎಡಗಡೆಗೆ ದಾಟಿಸಿದ. ಒಳಗಿದ್ದವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಚುಕ್ಕಾಣಿ ಹಿಡಿದವನು, ಮೇಟ್, ಆಗಷ್ಟೇ ಓಡಿ ಬಂದ ಕಪ್ತಾನರು, ಯಾರೂ ಸಮುದ್ರವನ್ನು ನೋಡುತ್ತಿರಲಿಲ್ಲ. ಎಲ್ಲರೂ ಅಂದಾನೆಪ್ಪನ ಬೆರಳನ್ನು ನೋಡುತ್ತಿದ್ದರು. ಅದು ಸರಿದ ಕಡೆಗೆ ಚುಕ್ಕಾಣಿ ಸರಿಯುತ್ತಿತ್ತು, ಚುಕ್ಕಾಣಿ ಸರಿದ ಕಡೆಗೆ ಅಷ್ಟು ಸಾವಿರ ಟನ್ನಿನ ಕಬ್ಬಿಣ ಮಣಿಯುತ್ತಿತ್ತು. ಅದು ಅವನ ಅರಿವಿಗೂ ಬಂತು. ಕೈ ಸೋತಿತು. ಸಾರಂಗ ತನ್ನ ಹೆಗಲನ್ನು ಅವನ ತೋಳಿನ ಕೆಳಗೆ ಕೊಟ್ಟ.

ಆಗ ಡೆಕ್ಕಿನಿಂದ ಕೂಗು ಎದ್ದಿತು. ಹೊಗೆ ಏಳುತ್ತಿದ್ದ ತೇಲುಬಳೆಯ ಕಡೆಗೆ ಎಲ್ಲರೂ ಕೈ ತೋರಿಸುತ್ತಿದ್ದರು. ಅಂದಾನೆಪ್ಪನ ಬೆರಳು ಅಲ್ಲಿಂದ ಬಹಳ ಬಲಕ್ಕಿತ್ತು. ಕಪ್ತಾನರು ಕೇಳಿದರು: ನಿನಗೆ ಈಗಲೂ ಕಾಣುತ್ತಿದ್ದಾನೆಯೆ?

ಒಂದು ತೆರೆ ಏರಿತು, ಇಳಿಯಿತು. ಇನ್ನೊಂದು ಏರಿತು. ಅಲ್ಲಿ ಬರೀ ನೀರಿತ್ತು.

ಹೌದು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಂಡದ್ದನ್ನಷ್ಟೇ ಹೇಳಬೇಕು. "ಈಗ ಕಾಣವಲ್ತರಿ," ಎಂದ, ದನಿ ಒಡೆದು. "ಕಡೀಕೆ ಇಲ್ಲೇ ಕಂಡಾನ. ಇಲ್ಲೇ." ಬೆರಳು ಮಾತ್ರ ಇಳಿಯಲಿಲ್ಲ. ಸಾರಂಗ ಅದನ್ನು ಹಿಂದಿಯಲ್ಲಿ ಹೇಳಿದ. ಕಪ್ತಾನರು ಯಂತ್ರದ ವೇಗ ತಗ್ಗಿಸಿ, ಬೆರಳಿದ್ದ ಕಡೆಗೇ ಹಡಗನ್ನು ನಡೆಸಲು ಹೇಳಿದರು. ಗಾಳಿಗೆ ತೇಲುಬಳೆ ಬೇಗ ತೇಲಿ ಹೋಗುತ್ತದೆ, ಮನುಷ್ಯ ಹಾಗೆ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಅಂದಾನೆಪ್ಪನ ಕಣ್ಣಲ್ಲಿ ಉಪ್ಪುನೀರು ಇಳಿಯುತ್ತಿತ್ತು, ಗಾಳಿಯದೋ ಅವನದೋ. ಅವನಿಗೆ ರೆಪ್ಪೆ ಬಡಿಯಲೂ ಹೆದರಿಕೆ. ತೆರೆಗಳು ಒಂದರ ಹಿಂದೊಂದು ಬಂದವು. ನಡುವೆ ಒಂದು ತೆರೆ ತಾನೇ ಎತ್ತಿ ತೋರಿಸಿದ ಹಾಗೆ ಕಪ್ಪು ಕಾಳೊಂದನ್ನು ಮೇಲಕ್ಕೆತ್ತಿತು. ಅದಕ್ಕೊಂದು ಕೈಯಿತ್ತು. ಕೈ ಅಲುಗಿತು.

"ಅದಾನ! ಅದಾನ್ರಿ! ಜೀವಂತ ಅದಾನ!"

ದೋಣಿ ಇಳಿಸಲು ಸಾರಂಗ ಹೋಗಲೇಬೇಕಿತ್ತು. "ಇನ್ನ ನೀ ಒಬ್ಬನ ನಿಲ್ಲಬೇಕು ತಮ್ಮಾ," ಎಂದು ಹೆಗಲು ತೆಗೆದ. ದೋಣಿ ನೀರಿಗೆ ಇಳಿದದ್ದೇ ತೆರೆಗಳ ಸಂದಿನಲ್ಲಿ ಮುಳುಗಿ ಹೋದ ಹಾಗಾಯಿತು. ಅಷ್ಟು ತಗ್ಗಿನಲ್ಲಿ ಕೂತವರಿಗೆ ಸುತ್ತ ನೀರಿನ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ನಿಜಾಮಸಾಬ ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ನಿಂತು, ಎತ್ತರದಲ್ಲಿ ಚಾಚಿದ್ದ ಆ ಕೈಯನ್ನು ನೋಡುತ್ತ ದಾರಿ ಹೇಳತೊಡಗಿದ. ಕೈ ತುಸು ಎಡಕ್ಕೆ ಸರಿದರೆ ದೋಣಿ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಕೊನೆಗೆ ದೋಣಿಯೂ ಕಪ್ಪು ಕಾಳೂ ಒಂದೇ ಆದವು. ಯಾರೋ ಬಗ್ಗಿದರು. ಒಂದು ಮೈಯನ್ನು ಮೇಲಕ್ಕೆ ಎಳೆದುಕೊಂಡರು.

ಡೆಕ್ಕಿನ ಮೇಲೆ ಅಳುವವರೂ ಕೂಗುವವರೂ ತುಂಬಿದ್ದರು. ಅಂದಾನೆಪ್ಪ ಇನ್ನೂ ಕೈ ಚಾಚಿಯೇ ನಿಂತಿದ್ದ. ಎರಡನೆಯ ಮೇಟ್ ಬಂದು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದರು. ಅವರೂ ಅಳುತ್ತಿದ್ದರು. ಆಗ ಅವನು ಮೊದಲ ಸಲ ತಲೆಯೆತ್ತಿ ಸುತ್ತ ನೋಡಿದ. ಎಲ್ಲ ದಿಕ್ಕಿಗೂ ನೀರು, ಅಂಚಿನವರೆಗೂ ನೀರು. ಇಷ್ಟು ದೊಡ್ಡದರಲ್ಲಿ ಅಷ್ಟು ಸಣ್ಣದು ಸಿಕ್ಕಿತು ಎಂಬುದು ಅವನ ಬುದ್ಧಿಗೆ ನಿಲುಕಲಿಲ್ಲ. ಬದಲಿ ಆಳು ಬರುವವರೆಗೆ ಕಟಾಂಜನ ಹಿಡಿದು ನಿಂತು, ಬಂದವನಿಗೆ ಎದುರಿಗೆ ಏನೂ ಇಲ್ಲವೆಂದು ಒಪ್ಪಿಸಿ, ಆಮೇಲೆ ಕೆಳಗೆ ಹೋಗಿ ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡ.

ಮುಂದಿನ ಚಳಿಗಾಲದಲ್ಲಿ ಅವನು ರಜೆಗೆ ಊರಲ್ಲಿದ್ದಾಗ ಅಣ್ಣಿಗೇರಿಯ ಬಸ್ಸಿನಿಂದ ಇಬ್ಬರು ಇಳಿದು ಅಂದಾನೆಪ್ಪನ ಮನೆ ಕೇಳಿಕೊಂಡು ಬಂದರು. ಇಮಾಮುದ್ದೀನ ಮತ್ತು ಅವನ ಹೆಂಡತಿ ಬಾಷಾಬಿ. ಕೈಯಲ್ಲಿ ತೆಂಗಿನಕಾಯಿಯ ಚೀಲ. ದುರಗವ್ವ ನೀರು ಕೊಟ್ಟು, ರೊಟ್ಟಿ ಬಡಿಯಲು ಕೂತಳು. ಓಣಿಯ ಮಂದಿ ಬಾಗಿಲಲ್ಲಿ ನೆರೆದರು, ಹನಮಪ್ಪನೂ ಬಂದ. ಇಮಾಮುದ್ದೀನ ತನ್ನ ಕರಾವಳಿಯ ಕನ್ನಡದಲ್ಲಿ ಹೇಳಿದ:

"ನಾನು ಸಮುದ್ರದ ಬದಿಯಲ್ಲೇ ಹುಟ್ಟಿದವ, ಈಜು ಬರ್ತದೆ. ಆದ್ರೆ ಹಡಗು ಹೋಗುವುದನ್ನು ನೀರೊಳಗಿಂದ ನೋಡಿದ್ರೆ ಈಜು ಮರೆತು ಹೋಗ್ತದೆ. ಅಷ್ಟು ದೊಡ್ಡ ಮನೆ ನಮ್ಮನ್ನು ಬಿಟ್ಟು ಹೋಗ್ತಾ ಉಂಟು. ಮೇಲೆ ನೋಡಿದೆ. ಒಬ್ಬ ಕೈ ಚಾಚಿ ನಿಂತಿದ್ದ. ಯಾರು ಅಂತ ಗೊತ್ತಾಗ್ಲಿಲ್ಲ. ಆಮೇಲೆ ದೂರವಾಯ್ತು, ಕೈಯೂ ಕಾಣ್ಲಿಲ್ಲ. ಆದ್ರೆ ಒಬ್ಬ ನನ್ನನ್ನು ನೋಡಿದ್ದಾನೆ ಅಂತ ಗೊತ್ತಿತ್ತು. ಅದಕ್ಕೇ ಮುಳುಗ್ಲಿಲ್ಲ. ಸುಮಾರು ಹೊತ್ತಿನ ಮೇಲೆ ಹಡಗು ಮುಖ ತಿರುಗಿಸಿತು, ಸೀದಾ ನನ್ನ ಕಡೆಗೆ. ಅಲ್ಲಾಹುವೇ ತಿರುಗಿ ನೋಡಿದ ಹಾಗೆ ಆಯ್ತು."

ಬಾಷಾಬಿ ಎದ್ದು ಹೋಗಿ, ಒಲೆಯ ಮುಂದೆ ಹಿಟ್ಟಿನ ಕೈಯಲ್ಲಿ ಕೂತಿದ್ದ ದುರಗವ್ವನ ಪಾದ ಮುಟ್ಟಿದಳು. "ಏಳವ್ವಾ, ಏಳು," ಎಂದು ದುರಗವ್ವ ಅವಳನ್ನು ಎದೆಗೆ ಒತ್ತಿಕೊಂಡಳು. ಅವಳ ದುಪಟ್ಟಾದ ತುಂಬ ಜೋಳದ ಹಿಟ್ಟಾಯಿತು.

ಹೊರಡುವಾಗ ಬಾಷಾಬಿ ಎಲ್ಲರೂ ತಮ್ಮೂರಿಗೆ ಬರಲೇಬೇಕೆಂದು ಹಟ ಹಿಡಿದಳು. ಬೇಸಿಗೆಯಲ್ಲಿ, ಹಡಗಿಗೆ ಮರಳುವ ಮೊದಲು, ಅಂದಾನೆಪ್ಪ ತಾಯಿಯನ್ನು ಕರೆದುಕೊಂಡು ಹೊನ್ನಾವರಕ್ಕೆ ಹೋದ. ಮನೆಗೆ ಹೋಗುವ ಮೊದಲೇ ದುರಗವ್ವ ದಂಡೆಗೆ ನಡೆಸು ಎಂದಳು. ಮರಳಿನ ದಿಬ್ಬ ಹತ್ತಿ ನಿಂತವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ದೇವರ ಎದುರು ನಿಂತವರ ಹಾಗೆ.

"ಇದರಾಗನೋ ಅಂವಾ ಸಿಕ್ಕಿದ್ದು?" ಎಂದಳು ಕಡೆಗೆ.

"ಹೂಂ ಯವ್ವಾ. ಇಲ್ಲೆ ಅಲ್ಲ, ಭಾಳ ದೂರ. ಒಳಗ."

ದುರಗವ್ವ ಅಲ್ಲೇ ಮರಳಿನ ಮೇಲೆ ಕೂತಳು. ಬಾಷಾಬಿ ಊಟಕ್ಕೆ ಕರೆಯಲು ಬಂದು, ಅವಳ ಮುಖ ನೋಡಿ, ಕರೆಯದೆ ತಾನೂ ಪಕ್ಕದಲ್ಲಿ ಕೂತಳು.